ಅಂಜನಾಳ ಲಾಗಿನ್

ಜಮಖಂಡಿಯ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ವೀರಣ್ಣನ ಸಾಫ್ಟ್‌ವೇರ್ ಕಚೇರಿ ಇತ್ತು. ವೀರಣ್ಣ ರಬಕವಿಯ ನೇಕಾರ ಮನೆತನದವನು. ಪವರ್‌ಲೂಮಿನ ಸೀರೆಗಳಿಗೆ ಅಂಚು, ಸೆರಗಿನ ವಿನ್ಯಾಸ ಮಾಡಿಕೊಡುವ ಸಾಫ್ಟ್‌ವೇರಿನಿಂದ ಹೆಸರು ಗಳಿಸಿ, 2011ರ ಹೊತ್ತಿಗೆ ನೀರಾವರಿ ಪಂಪುಗಳನ್ನು ಫೋನಿನಿಂದ ನಡೆಸುವ ಕೆಲಸಕ್ಕೂ ಕೈಹಾಕಿದ್ದ. ಮಗ್ಗದ ತಂಡ ಬನಹಟ್ಟಿಯಲ್ಲಿ, ಪಂಪಿನ ತಂಡ ಜಮಖಂಡಿಯಲ್ಲಿ ಕೂರುತ್ತಿತ್ತು. ಎರಡೂ ತಂಡಗಳು ಬರೆದ ಕೋಡೆಲ್ಲ ಬಂದು ಸೇರುವ ಸರ್ವರ್ ಜಮಖಂಡಿ ಕಚೇರಿಯ ಹಿಂದಿನ ಖೋಲಿಯಲ್ಲಿತ್ತು. ಯಾರು ಯಾವ ಸಾಲನ್ನು ಯಾವಾಗ ಬದಲಿಸಿದರು ಎಂಬುದೆಲ್ಲ ಹೆಸರಿನ ಸಮೇತ ಅದರಲ್ಲಿ ದಾಖಲಾಗುತ್ತಿತ್ತು.

ಅದನ್ನು ಕಟ್ಟಿ ನಿಲ್ಲಿಸಿದವಳು ಅಂಜನಾ. ಮುಧೋಳದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಮೊದಲಿಗೆ ಸರ್ವರಿನಲ್ಲಿ ಇದ್ದದ್ದು ಅವಳೊಬ್ಬಳದೇ ಲಾಗಿನ್. ಉಳಿದವರಿಗೆ ಒಬ್ಬೊಬ್ಬರಂತೆ ಮಾಡಿಕೊಡಬೇಕೆಂದಿರುವಾಗಲೇ ಬನಹಟ್ಟಿಯ ತಂಡಕ್ಕೆ ಯಾವುದೋ ಕೆಲಸ ಅವಸರಕ್ಕೆ ಬಂತು. ವೀರಣ್ಣ ಅವಳ ಪಾಸ್‌ವರ್ಡ್ ಕೇಳಿಕೊಂಡು ಅವರಿಗೆಲ್ಲ ಮೆಸೇಜ್ ಮಾಡಿಬಿಟ್ಟ. ಆಮೇಲೆ ಅದೇ ರೂಢಿಯಾಯಿತು.

ಅಂಜನಾ ಸುಮ್ಮನಿರಲಿಲ್ಲ.

"ಸರ್, ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಲಾಗಿನ್ ಕೊಡೂಣ್ರಿ. ಎಲ್ಲಾರೂ ನನ್ನ ಹೆಸರಿನಾಗ ಬರದ್ರ, ಯಾರ್ ಏನ್ ಮಾಡ್ಯಾರ ಅಂತ ಹ್ಯಾಂಗ ತಿಳೀಬೇಕ್ರಿ?"

ವೀರಣ್ಣ ನಕ್ಕ. "ನಾವೇನ್ ಬ್ಯಾಂಕ್ ನಡಸಾಕತ್ತೇವೇನ ತಂಗಿ? ಎಲ್ಲಾ ಮನಿ ಮಂದಿ ಇದ್ಧಂಗ ಅದೀವಿ. ಮನ್ಯಾಗ ಖೋಲಿಗೊಂದೊಂದ ಕೀಲಿ ಹಾಕ್ಕೊಂಡ ಕುಂದ್ರತಾರೇನು?"

ಅವನು ಕೆಟ್ಟ ಮನುಷ್ಯನೇನಲ್ಲ. ಅಂಜನಾಳ ತಂದೆ ತೀರಿಕೊಂಡಾಗ ಮುಧೋಳಕ್ಕೆ ಎಲ್ಲರಿಗಿಂತ ಮೊದಲು ಬಂದು ನಿಂತವನು ಅವನೇ. ಅದಕ್ಕೇ ಅವಳಿಗೆ ಅವನ ಮಾತಿಗೆ ಎದುರಾಡಿ ಅಭ್ಯಾಸವಿರಲಿಲ್ಲ.

ಆದರೂ ಒಂದು ಕೆಲಸ ಮಾಡಿದಳು. ಪಂಪಿನ ಕೋಡಿನ ಮುಖ್ಯ ಪ್ರತಿಗೆ ಬೀಗ ಹಾಕಿದಳು. ಯಾರು ಏನೇ ಬದಲಿಸಿದರೂ ತಾನು ಓದಿ, ತನ್ನೊಬ್ಬಳಿಗೇ ಗೊತ್ತಿದ್ದ ಬೇರೊಂದು ಪಾಸ್‌ವರ್ಡಿನಿಂದ ಒಪ್ಪುವ ತನಕ ಅದು ಮುಖ್ಯ ಪ್ರತಿಗೆ ಸೇರದಂತೆ ಮಾಡಿದಳು. ಮುಖ್ಯ ಪ್ರತಿಯಲ್ಲಿ ಇದ್ದದ್ದೇ ಪಂಪ್‌ಹೌಸಿಗೆ ಹೋಗುತ್ತಿತ್ತು. ಅಲ್ಲಿನ ಯಂತ್ರ ದಿನಾ ನಸುಕಿನಲ್ಲಿ ಅದನ್ನು ತಾನಾಗಿಯೇ ಇಳಿಸಿಕೊಳ್ಳುತ್ತಿತ್ತು.

ಆ ಪಂಪ್‌ಹೌಸು ಗಲಗಲಿಯ ಕಡೆ ಕೃಷ್ಣೆಯ ದಂಡೆಯ ಮೇಲೆ ಇತ್ತು, ರೈತರ ಸಂಘವೊಂದರದು. ನದಿಯ ನೀರು ದಪ್ಪ ಪೈಪಿನಲ್ಲಿ ಏರಿ ದಿನ್ನೆಯ ಮೇಲಿನ ಸಿಮೆಂಟಿನ ತೊಟ್ಟಿಗೆ ಬಿದ್ದು, ಅಲ್ಲಿಂದ ಕಾಲುವೆಗೆ ಹರಿಯುತ್ತಿತ್ತು. ತೊಟ್ಟಿಯಲ್ಲಿ ಸಿಕ್ಕಿಕೊಳ್ಳುವ ಜಲಕಳೆ, ಹೂಳು ತೆಗೆಯುವ ಕೆಲಸ ಕಾಶಪ್ಪನದು. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ ಮುಳುಗಿ ಪುನರ್ವಸತಿ ಕೇಂದ್ರಕ್ಕೆ ಬಂದ ಮೇಲೆ ಅವನು ಸಂಘದ ಕೆಲಸ ಹಿಡಿದಿದ್ದ. ಪಂಪ್ ಚಾಲೂ ಆಗುವ ಮೊದಲು ತೊಟ್ಟಿಯ ಹತ್ತಿರದ ಸೈರನ್ ಎರಡು ನಿಮಿಷ ಕೂಗುತ್ತಿತ್ತು. ಒಳಗಿದ್ದವರು ಸಲಿಕೆ, ಬುಟ್ಟಿ ತಗೊಂಡು ಕಬ್ಬಿಣದ ಏಣಿ ಹತ್ತಿ ಬರಲು ಅಷ್ಟು ಸಮಯ ಸಾಕಿತ್ತು. ಆ ಎರಡು ನಿಮಿಷ ಕೋಡಿನಲ್ಲಿ ಒಂದೇ ಸಾಲು.

ಬೇಸಿಗೆಯ ಹೊತ್ತಿಗೆ ಸಂಘದವರು ಎರಡನೇ ಪಂಪ್‌ಹೌಸನ್ನೂ ಫೋನಿಗೆ ಜೋಡಿಸಿಕೊಡಿ ಎಂದರು. ಮುಖಂಡರ ಮುಂದೆ ಮಾಡಿ ತೋರಿಸುವ ದಿನ ಗೊತ್ತಾಯಿತು. ಜಮಖಂಡಿಯಲ್ಲಿ ಕೈ ಸಾಲದೆ ಬನಹಟ್ಟಿಯ ದುರಗೇಶನನ್ನೂ ಪಂಪಿನ ಕೆಲಸಕ್ಕೆ ಹಚ್ಚಿದರು. ಚುರುಕಾದ ಹುಡುಗ, ಅಂಜನಾಳನ್ನು ಅಕ್ಕಾರ ಎಂದೇ ಕರೆಯುತ್ತಿದ್ದ. ಅವನು ಬರೆದದ್ದನ್ನು ಅಂಜನಾ ಓದಿ ಒಪ್ಪುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು.

ವೀರಣ್ಣ ಅವಳ ಮೇಜಿನ ಮುಂದೆ ಬಂದು ನಿಂತ. "ಆ ಬೀಗ ತಗದ ಬಿಡ. ಇದ ಮುಗದ ಮ್ಯಾಲೆ ಬೇಕಾದ್ರ ಮತ್ತ ಹಾಕು."

"ಸರ್, ಅದು ಪಂಪಿಂದ್ರಿ. ಸೀರಿ ಅಂಚ ತಪ್ಪಿಧಂಗಲ್ಲ."

"ನಾ ಹೇಳಾಕತ್ತೇನಿಲ್ಲೋ? ಮಂದಿ ಮುಂದ ನನ್ನ ಮಾನ ಹೋಗೂದ ಬೇಕೇನ ನಿನಗ?"

ಅವಳು ತೆಗೆದಳು. ಸರ್ವರಿನಲ್ಲಿ ಅದೊಂದು ಟಿಕ್ ಗುರುತು ಅಳಿಸುವಷ್ಟೇ ಕೆಲಸ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವಳಿಗೆ ಸಮಾಧಾನವಿರಲಿಲ್ಲ. ಆದರೆ ಮರುದಿನ ಬೇರೆ ಕೆಲಸ ಬಂತು, ಅದರ ಮರುದಿನ ಮತ್ತೊಂದು. ತೋರಿಸುವ ಕಾರ್ಯಕ್ರಮ ಚೆನ್ನಾಗಿಯೇ ನಡೆದು, ಎಲ್ಲರಿಗೂ ಪೇಢಾ ಹಂಚಿದರು. ಬೀಗ ಮತ್ತೆ ಹಾಕುವ ಮಾತು ವೀರಣ್ಣ ಎತ್ತಲಿಲ್ಲ. ಅವಳೂ ಕೇಳಲಿಲ್ಲ.

ಆಮೇಲೆ ಕೆಲವೇ ದಿನಗಳಲ್ಲಿ ಅದು ನಡೆಯಿತು. ಆವತ್ತು ತ್ರೀಫೇಸ್ ಕರೆಂಟು ಎಂದಿಗಿಂತ ಬೇಗ ಬಂತು. ಸಂಘದ ಆಪರೇಟರ್ ಸಾಬಣ್ಣ ಮನೆಯಲ್ಲಿ ಚಹಾ ಕುಡಿಯುತ್ತ ಫೋನಿನಿಂದಲೇ ಪಂಪ್ ಚಾಲೂ ಮಾಡಿದ. ತೊಟ್ಟಿಯಲ್ಲಿ ಕಾಶಪ್ಪ ಇರಬಹುದೆಂದು ಅವನಿಗೆ ಅನ್ನಿಸದೆ ಇರಲಿಲ್ಲ; ಆದರೆ ಸೈರನ್ ಕೂಗುತ್ತದಲ್ಲ, ಹತ್ತಿ ಬರುತ್ತಾನೆ ಎಂದುಕೊಂಡ. ಸೈರನ್ ಕೂಗಿತು. ಅದರ ಜೊತೆಗೇ ಪಂಪುಗಳೂ ಎದ್ದವು. ತೊಟ್ಟಿಯಲ್ಲಿದ್ದ ಕಾಶಪ್ಪ ನೀರಿನ ರಭಸಕ್ಕೆ ಕೊಚ್ಚಿಹೋಗಿ ಕಾಲುವೆಯ ಮೊದಲ ತಿರುವಿನಲ್ಲಿ ಸಿಕ್ಕ. ತಲೆ ಕಾಂಕ್ರೀಟಿಗೆ ಬಡಿದಿತ್ತು. ಬೀಳಗಿಯ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಸುದ್ದಿ ಕಚೇರಿಗೆ ಬಂದಾಗ ಅಂಜನಾ ಸೀದಾ ಹಿಂದಿನ ಖೋಲಿಗೆ ಹೋದಳು. ಸೈರನ್ನಿನ ಸಾಲು ತೆಗೆದು ನೋಡಿದಳು. ನೂರಿಪ್ಪತ್ತು ಸೆಕೆಂಡು ಇರಬೇಕಾದಲ್ಲಿ ಸೊನ್ನೆ ಇತ್ತು. ಹಿಂದಿನ ದಿನ ಸಂಜೆಯ ಬದಲಾವಣೆ. ಪಕ್ಕದಲ್ಲಿ ಅವಳ ಹೆಸರು.

ಒಂದು ಗಳಿಗೆ ತಾನೇ ಮಾಡಿದೆನೇನೋ ಎಂದು ಅವಳಿಗೆ ಅನ್ನಿಸಿತು. ಹಿಂದಿನ ಸಂಜೆ ಎಲ್ಲಿದ್ದೆ ಎಂದು ನೆನಪು ಮಾಡಿಕೊಂಡಳು. ಮುಧೋಳದ ಬಸ್ಸಿನಲ್ಲಿ ಇದ್ದಳು. ಮೊದಲು ಮಾಡಬೇಕಾದದ್ದನ್ನು ಮಾಡಿದಳು: ಸೊನ್ನೆ ತೆಗೆದು ಮತ್ತೆ ನೂರಿಪ್ಪತ್ತು ಹಾಕಿದಳು, ಎರಡೂ ಪಂಪ್‌ಹೌಸುಗಳನ್ನು ಫೋನಿನಿಂದ ಬಿಡಿಸಿದಳು. ಆಮೇಲೆ ಸರ್ವರಿನ ದಾಖಲೆಗಳನ್ನೆಲ್ಲ, ಯಾವ ಊರಿನ ಲೈನಿನಿಂದ ಯಾವಾಗ ಸಂಪರ್ಕ ಬಂದಿತ್ತು ಎಂಬುದನ್ನೂ ಸೇರಿಸಿ, ಬೇರೊಂದು ಡಿಸ್ಕಿಗೆ ಇಳಿಸಿ ಚೀಲದಲ್ಲಿ ಇಟ್ಟುಕೊಂಡಳು.

ಮರುದಿನ ಸಂಘದ ಮುಖಂಡರು ಬಂದು ಕೂತರು. ಯಾರು ಬದಲಿಸಿದರು ಎಂದು ಕೇಳಿದರು. ವೀರಣ್ಣ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದ.

"ಸರ್ವರಿನಾಗ ಯಾರ ಹೆಸರೈತೋ ಜವಾಬ್ದಾರಿ ಅವರದ. ನಾ ಏನ ಮುಚ್ಚಿಡೂದಿಲ್ರಿ."

ಅಂಜನಾ ಅವನ ಕಡೆ ತಿರುಗಿದಳು. "ಆ ಲಾಗಿನ್ ಎಲ್ಲಾರ ಕಡೆ ಐತ್ರಿ ಸರ್. ನೀವ ಕೊಟ್ಟೀರಿ."

"ನಿನ್ನ ಪಾಸ್‌ವರ್ಡ್ ಕಾಯೂದು ನಿನ್ನ ಕೆಲಸ ತಂಗಿ," ಎಂದ ವೀರಣ್ಣ, ಅವಳ ಮುಖ ನೋಡದೆ.

ಆ 'ತಂಗಿ' ಕೇಳಿ ಅವಳಿಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಕೆಳಗಿಳಿದು ಬನಹಟ್ಟಿಯ ಬಸ್ ಹತ್ತಿದಳು. ಆ ಸಂಜೆಯ ಸಂಪರ್ಕ ಬನಹಟ್ಟಿಯ ಲೈನಿನಿಂದ ಬಂದದ್ದೆಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಅಲ್ಲಿ ಪಂಪಿನ ಕೋಡು ಮುಟ್ಟುತ್ತಿದ್ದವನು ಒಬ್ಬನೇ.

ದುರಗೇಶ ಕಚೇರಿಗೆ ಹೋಗಿರಲಿಲ್ಲ. ಅವನ ಮನೆಯ ಪಡಸಾಲೆಯಲ್ಲಿ ಎರಡು ಪವರ್‌ಲೂಮ್ ಓಡುತ್ತಿದ್ದವು. ಅವಳನ್ನು ನೋಡಿದ್ದೇ ಅವನು ಹೊರಗೆ ಬಂದ. ಮಗ್ಗದ ಸಪ್ಪಳದಲ್ಲಿ ಮಾತು ಕೇಳುತ್ತಿರಲಿಲ್ಲವೆಂದು ಓಣಿಯ ತುದಿಯ ತನಕ ನಡೆದರು. ಅವಳು ಕೇಳುವ ಮೊದಲೇ ಅವನು ಹೇಳಿದ.

"ನಾನ ಅಕ್ಕಾರ. ಟೆಸ್ಟ್ ಮಾಡೂವಾಗ ಪ್ರತಿ ಸಲಾನೂ ಎರಡ ನಿಮಿಷ ಕಾಯಬೇಕಾಗಿತ್ತು. ಬ್ಯಾಸರಾಗಿ ಸೊನ್ನಿ ಹಾಕಿದ್ನಿ. ನನ್ನ ಕಾಪಿನಾಗ ಅಷ್ಟ ಇರತೈತಿ ಅನ್ಕೊಂಡಿದ್ನಿ. ಉಳದದ್ದ ಕಳಸೂವಾಗ ಅದೂ ಕೂಡೇ ಹೋಗೇತಿ."

ಅಂಜನಾಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೀಗ ಇದ್ದಿದ್ದರೆ ಆ ಸೊನ್ನೆ ಮೊದಲು ತನ್ನ ಕಣ್ಣಿಗೆ ಬೀಳುತ್ತಿತ್ತು ಎಂಬುದೊಂದೇ ಅವಳ ತಲೆಯಲ್ಲಿ ತಿರುಗುತ್ತಿತ್ತು.

"ಸರ್‌ಗೆ ಗೊತ್ತೈತೇನ?"

"ಸುದ್ದಿ ಬಂದ ಕೂಡ್ಲೇ ಫೋನ್ ಮಾಡಿ ಹೇಳಿದ್ನಿ. ನಿನ್ನ ಹೆಸರ ಎಲ್ಲೂ ಇಲ್ಲ, ಸುಮ್ಮನಿರು ಅಂದ್ರು."

ಅಂದರೆ ಕಂಪ್ಯೂಟರನ್ನು ಆ ಜನರ ಕಡೆ ತಿರುಗಿಸುವಾಗ ವೀರಣ್ಣನಿಗೆ ಎಲ್ಲ ಗೊತ್ತಿತ್ತು. ಅವಳು ಚೀಲದಲ್ಲಿದ್ದ ಡಿಸ್ಕನ್ನು ಮುಟ್ಟಿ ನೋಡಿಕೊಂಡಳು.

"ನಾ ಪೊಲೀಸರಿಗೆ ಹೇಳಾಕ ಹೊಂಟೇನಿ ದುರಗೇಶ. ನೀನೂ ಬಾ."

ಅವನು ತಲೆ ತಗ್ಗಿಸಿದ. "ನೀವ ಹೇಳ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ನಾನಾಗೇ ನಡಕೋತ ಬರಾಕ ನನಗ ಕಾಲ ಏಳೂದಿಲ್ಲ ಅಕ್ಕಾರ."

ಬೀಳಗಿಯ ಠಾಣೆಯಲ್ಲಿ ಪಿಎಸ್‌ಐ ಅವಳ ಮಾತನ್ನು ತಾಳ್ಮೆಯಿಂದಲೇ ಕೇಳಿದರು, ಡಿಸ್ಕ್ ತಗೊಂಡರು. ಬೀಗದ ವಿಷಯವನ್ನೂ ಅವಳು ಬಿಡದೆ ಹೇಳಿದಳು.

"ತಗದವರ ಯಾರು?"

"ನಾನ ರೀ. ಮಾಲಕರು ಹೇಳಿದ್ರು, ತಗದೆ."

"ಅವರು ಹೇಳಿದ್ದಕ್ಕ ಏನರ ಪುರಾವೆ ಐತೇನ?"

ಏನೂ ಇರಲಿಲ್ಲ. ಬಾಯಿಮಾತು. ಪಾಸ್‌ವರ್ಡಿನ ಮೆಸೇಜನ್ನು ಬನಹಟ್ಟಿಯ ಹುಡುಗರು ಯಾವಾಗಲೋ ಅಳಿಸಿದ್ದರು.

ದುರಗೇಶನನ್ನು ಕರೆತಂದರು. ತಾನೇ ಸೊನ್ನೆ ಹಾಕಿದ್ದೆಂದು ಅವನು ಒಪ್ಪಿಕೊಂಡ. ವೀರಣ್ಣನ ಫೋನಿನ ಮಾತು ಮಾತ್ರ ಹೇಳಲಿಲ್ಲ. ಅವನ ಮನೆಯ ಮಗ್ಗಗಳಿಗೆ ನೂಲು ಬರುತ್ತಿದ್ದದ್ದು ವೀರಣ್ಣನ ಅಣ್ಣನ ಅಂಗಡಿಯಿಂದ. ನೇಯ್ದ ಸೀರೆ ಹೋಗುತ್ತಿದ್ದದ್ದೂ ಅಲ್ಲಿಗೇ. ಅಂಜನಾ ಅದನ್ನು ಅರ್ಥಮಾಡಿಕೊಂಡಳು, ಆದರೆ ಕ್ಷಮಿಸಲು ಆಗಲಿಲ್ಲ.

ಕೇಸು ಇಬ್ಬರ ಮೇಲೂ ಆಯಿತು. ಬದಲಿಸಿದ್ದಕ್ಕೆ ಅವನ ಮೇಲೆ, ಕಾಯಬೇಕಾದವಳು ಕಾಯದೆ ಇದ್ದದ್ದಕ್ಕೆ ಅವಳ ಮೇಲೆ. ಬೀಗ ತೆಗೆದದ್ದಕ್ಕೆ ಇದ್ದ ಸಾಕ್ಷಿ ಅವಳದೇ ಮಾತು. ವೀರಣ್ಣ ಪಂಪಿನ ಕೆಲಸ ಬಿಟ್ಟು, ಜಮಖಂಡಿಯ ಕಚೇರಿ ಮುಚ್ಚಿ, ಹುಬ್ಬಳ್ಳಿಯಲ್ಲಿ ಬೇರೆ ಹೆಸರಿನಿಂದ ಶುರುಮಾಡಿದ. ಅಲ್ಲಿ ಎಲ್ಲರಿಗೂ ಬೇರೆ ಬೇರೆ ಲಾಗಿನ್ ಕೊಟ್ಟಿದ್ದಾನೆಂದು ಯಾರೋ ಅಂಜನಾಳಿಗೆ ಹೇಳಿದರು. ಮುಧೋಳದಲ್ಲಿ ಟ್ಯೂಷನ್ ಹೇಳುತ್ತ, ತಾರೀಖು ಬಂದಾಗ ಬೀಳಗಿಯ ಕೋರ್ಟಿಗೆ ಹೋಗುತ್ತ ಅವಳ ವರ್ಷಗಳು ಕಳೆದವು. ದುರಗೇಶ ದೂರದ ಕಂಬಕ್ಕೆ ಒರಗಿ ನಿಲ್ಲುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ.

ಒಂದು ತಾರೀಖಿಗೆ ಕಾಶಪ್ಪನ ಹೆಂಡತಿ ಅನಸವ್ವ ಸಾಕ್ಷಿಗೆ ಬಂದಿದ್ದಳು. ವಕೀಲರು ಕೇಳಿದ್ದು ನಾಲ್ಕೇ ಮಾತು: ಗಂಡನ ಹೆಸರು, ಕೆಲಸ, ಆವತ್ತು ಮನೆಯಿಂದ ಹೊರಟ ಹೊತ್ತು, ಹೆಣ ಗುರುತಿಸಿದ್ದು. ಹೊರಗೆ ಬೇವಿನ ಮರದ ಕೆಳಗೆ ಅವಳು ಒಬ್ಬಳೇ ಕೂತಿದ್ದಾಗ ಅಂಜನಾ ಹತ್ತಿರ ಹೋಗಿ ನಿಂತಳು. ಕಾಲಿಗೆ ಬೀಳಬೇಕೆಂದುಕೊಂಡು ಬಂದಿದ್ದಳು. ಅನಸವ್ವ ಕೈಯಿಂದ ನೆಲ ತೋರಿಸಿದಳು.

"ಕುಂದ್ರು. ನೀನ ಏನ ಆ ಕಂಪ್ಯೂಟರಿನಾಕಿ?"

"ಹೌದ್ರಿ ಅವ್ವಾರ."

"ಎಲ್ಲಾರೂ ಏನೇನೋ ಅಂತಾರ. ನನಗ ಒಂದೂ ತಿಳಿಯಂಗಿಲ್ಲ. ಏನಾತು ಆವತ್ತು? ನನಗ ತಿಳಿಯೂವಂಗ ಹೇಳು."

ಅಂಜನಾ ಹೇಳಿದಳು. ಎಲ್ಲರೂ ಒಂದೇ ಹೆಸರಿನಲ್ಲಿ ಬರೆಯುತ್ತಿದ್ದದ್ದು, ತಾನು ಬೀಗ ಹಾಕಿದ್ದು, ತೆಗೆದದ್ದು, ಮತ್ತೆ ಹಾಕದೆ ಇದ್ದದ್ದು, ಎರಡು ನಿಮಿಷ ಸೊನ್ನೆಯಾದದ್ದು. ಯಾರ ಮೇಲೂ ಹಾಕದೆ, ತನ್ನನ್ನೂ ಬಿಡದೆ ಹೇಳಿದಳು. ಅನಸವ್ವ ಕೇಳುತ್ತಲೇ ಇದ್ದಳು. ಎಲ್ಲ ಮುಗಿದ ಮೇಲೆ ಒಂದೇ ಕೇಳಿದಳು.

"ಸೈರನ್ ಒದರಿದ್ದು ಖರೆ?"

"ಖರೆ ರೀ."

"ಅಂದ್ರ ಅಂವಗ ಕೇಳಿರತೈತಿ."

"ಕೇಳಿರತೈತ್ರಿ."

"ಇನ್ನಾ ಹೊತ್ತೈತಿ ಅನ್ಕೊಂಡ, ಸಲಿಕಿ ಬುಟ್ಟಿ ತಗೋಳಾಕ ಬಗ್ಗಿರತಾನ."

ಅನಸವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಗೇಟಿನ ಹತ್ತಿರ ಅವಳ ಮೈದುನ ಕರೆಯುತ್ತಿದ್ದ. ಹಿಂದಿರುಗಿ ನೋಡದೆ ಅವನ ಬೆನ್ನಿಗೆ ನಡೆದು ಹೋದಳು. ಅಂಜನಾ ಮರದ ಕೆಳಗೆ ಕೂತೇ ಇದ್ದಳು. ಒಳಗಿನಿಂದ ಅವಳ ಹೆಸರು ಕೂಗುವ ತನಕ ಏಳಲಿಲ್ಲ.