ಸಣ್ಣ ಫೈಲುಗಳು

ಸುಟ್ಟುಹೋದ ಕಂಪ್ಯೂಟರಿನ ಬದಲು ಇನ್ನೊಂದು ತರಲು ಒಂದು ತಿಂಗಳ ಅಂಗಡಿ ಬಾಡಿಗೆಯಷ್ಟು ಖರ್ಚಾಯಿತು. ಅದನ್ನು ಹೇಗೋ ಹೊಂದಿಸಿದರು. ರಟ್ಟು ಕತ್ತರಿಸುವ ಮಶೀನಿಗೆ ಹೊಸ ಪ್ರೋಗ್ರಾಮು ಬೇಕೆಂದರೆ ಮಶೀನ್ ಮಾರಿದ ಕಂಪನಿ ಕೇಳಿದ್ದು ಇಡೀ ವರ್ಷ ಕೊಳ್ಳುವ ರಟ್ಟಿನ ಬೆಲೆ. ಅದರ ಮೇಲೆ ವರ್ಷ ವರ್ಷ ಕಟ್ಟುವ ಶುಲ್ಕ ಬೇರೆ. ಹಳೆಯ ಪ್ರೋಗ್ರಾಮಿನ ಸೋರ್ಸ್ ಕೋಡ್ ಮಾತ್ರ ಪೆನ್‌ಡ್ರೈವಿನಲ್ಲಿ ಉಳಿದಿತ್ತು. ಆ ಕೋಡಿನಿಂದ ಪ್ರೋಗ್ರಾಮನ್ನು ಕಟ್ಟಿಕೊಡುವ ಬಿಲ್ಡ್ ಟೂಲ್ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿತ್ತು. ಯಾವುದನ್ನು ಆರಿಸಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

"ಪುಕ್ಕಟೆ ಅಂದ್ರೆ ಪೂರ್ತಿ ಪುಕ್ಕಟೆನಾ?" ಎಂದು ಅತ್ತಿಗೆ ಕೇಳಿದಳು.

"ನನ್ನ ಸಂಬಳ ಬಿಟ್ರೆ ಪೂರ್ತಿ," ಎಂದಳು ನಾದಿನಿ.

"ನಿನಗೆಲ್ಲಿ ಸಂಬಳ ಕೊಡ್ತೀವಿ?"

"ಅದಕ್ಕೇ ಹೇಳಿದ್ದು ಅತ್ತಿಗೆ, ಪುಕ್ಕಟೆ ಅಂತ."

ರಟ್ಟಿನ ಡಬ್ಬಿ ಮಾಡುವ ಅಂಗಡಿ ಅದು. ಒಂದು ಉದ್ದನೆಯ ಕೋಣೆ. ಬಾಗಿಲ ಬಳಿ ರಟ್ಟಿನ ಹಾಳೆಗಳ ಅಟ್ಟಿ, ನಡುವೆ ಮಶೀನು, ಹಿಂದುಗಡೆ ಗಾಜಿನ ತಡಿಕೆಯ ಆಚೆ ಕಂಪ್ಯೂಟರಿನ ಮೇಜು. ಮಶೀನು ಅಣ್ಣನ ಕೈಯಲ್ಲಿ. ಕತ್ತರಿಸಿದ್ದನ್ನು ಎಣಿಸುವುದು, ಕಟ್ಟು ಕಟ್ಟುವುದು, ಸಂಜೆ ಕಸ ತೆಗೆಯುವುದು ಅವನ ಹೆಂಡತಿ ಅತ್ತಿಗೆಯ ಪಾಲು. ಬಿಲ್ಲು, ಫೋನು, ಕಂಪ್ಯೂಟರು ಅವನ ತಂಗಿ ನಾದಿನಿಯ ಪಾಲು.

ಪ್ರೋಗ್ರಾಮು ಬರೆದವನು ಈ ಮನೆಯ ಕಿರಿಯವನು. ಕೇಳಿದ್ದಕ್ಕೆ ತಲೆಯಾಡಿಸುವುದನ್ನೇ ಭಾಷಣ ಎಂದುಕೊಂಡವನಾದ್ದರಿಂದ ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದರು. ಡಬ್ಬಿಯ ಉದ್ದ, ಅಗಲ, ಎತ್ತರ ಹೇಳಿದರೆ ಸಾಕು, ರಟ್ಟನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಕೆಯ ಗೆರೆ ಹಾಕಬೇಕು ಎಂದು ಅವನ ಪ್ರೋಗ್ರಾಮು ಮಶೀನಿಗೆ ಹೇಳುತ್ತಿತ್ತು. ಅದನ್ನು ಬೇರೆ ಡಬ್ಬಿ ಅಂಗಡಿಗಳಿಗೂ ಮಾರೋಣ ಎಂದು ಮೌನಿ ಒಮ್ಮೆ ಬಾಯಿ ಬಿಟ್ಟಿದ್ದ. "ನಮ್ಮ ಅನ್ನಕ್ಕೆ ನಾವೇ ಕಲ್ಲು ಹಾಕ್ಕೊಳ್ಳೋದಾ?" ಎಂದು ಅಣ್ಣ ರೇಗಿದ. ಮಾತಿಗೆ ಮಾತು ಬೆಳೆಯಿತು. ಮೌನಿ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟು ಹೊರಟುಹೋಗಿ, ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡ. ಅಲ್ಲಿಂದಾಚೆ ಅಣ್ಣತಮ್ಮಂದಿರು ರಸ್ತೆಯಲ್ಲಿ ಎದುರಾದರೂ ಅಂಗಡಿ ಬೋರ್ಡು ಓದುತ್ತ ನಡೆಯುತ್ತಿದ್ದರು.

ಮಶೀನಿನ ನೆನಪಿನಲ್ಲಿ ಹಳೆಯ ಅಳತೆಗಳು ಇದ್ದವು. ಹೊಸ ಅಳತೆ ಕೊಡಬೇಕಾದರೆ ಪ್ರೋಗ್ರಾಮು ಬೇಕೇ ಬೇಕು. ಬೇಕರಿಯವನು ಹೊಸ ಅಳತೆಯ ಕೇಕಿನ ಡಬ್ಬಿ ಕೇಳಿ ಕೂತಿದ್ದ. ಅಂಗಡಿಯ ಅರ್ಧಕ್ಕಿಂತ ಹೆಚ್ಚು ಕೆಲಸ ಅವನದೇ.

"ಯಜಮಾನ್ರೇ, ಶನಿವಾರ ನನ್ನ ಎರಡನೇ ಅಂಗಡಿ ಶುರು," ಎಂದು ಫೋನಿನಲ್ಲಿ ಹೇಳಿದ. "ಕೇಕನ್ನ ಕವರಿನಲ್ಲಿ ಕಟ್ಟಿಕೊಡೋಕಾಗಲ್ಲ. ನಿಮ್ಮಿಂದ ಆಗದಿದ್ರೆ ಈಗಲೇ ಹೇಳಿಬಿಡಿ."

"ಆಗತ್ತೆ," ಎಂದ ಅಣ್ಣ. ಫೋನು ಇಟ್ಟು ತಂಗಿಯ ಕಡೆ ತಿರುಗಿದ. "ಆಗತ್ತೆ ತಾನೇ? ಆ ಮೌನಿ ಮನೆ ಬಾಗಿಲಿಗೆ ಮಾತ್ರ ಯಾರೂ ಹೋಗಕೂಡದು."

ನಾದಿನಿ ಬಿಲ್ಡ್ ಟೂಲ್ ಇಳಿಸಿಕೊಳ್ಳಲು ಕೂತಳು. ಯಾವ ಯಾವ ಭಾಗ ಬೇಕು ಎಂದು ಅದು ಕೇಳಿತು. ಮೊಬೈಲ್ ಆಟಕ್ಕೆ, ವೆಬ್‌ಸೈಟಿಗೆ, ಡೆಸ್ಕ್‌ಟಾಪ್ ಸಾಫ್ಟ್‌ವೇರಿಗೆ, ಇನ್ನೂ ಏನೇನಕ್ಕೋ. ಯಾವುದಕ್ಕೂ ಇರಲಿ ಎಂದು ಎಲ್ಲಕ್ಕೂ ಗುರುತು ಹಾಕಿದಳು. ಬೆಳಗ್ಗೆ ಶುರುವಾದದ್ದು ಮಧ್ಯಾಹ್ನದವರೆಗೂ ಇಳಿದು, ಕೊನೆಗೆ ಡಿಸ್ಕಿನಲ್ಲಿ ಜಾಗ ಇಲ್ಲ ಎಂದು ಕೈ ಚೆಲ್ಲಿತು.

"ಒಂದು ಮೊಳೆ ಬೇಕು ಅಂತ ಹೋಗಿ ಇಡೀ ಹಾರ್ಡ್‌ವೇರ್ ಅಂಗಡಿ ಹೊತ್ಕೊಂಡು ಬಂದ್ಯಾ?" ಎಂದಳು ಅತ್ತಿಗೆ.

"ಯಾವ ಮೊಳೆ ಅಂತ ಗೊತ್ತಿದ್ರೆ ಒಂದೇ ತರ್ತಿದ್ದೆ."

ಎಲ್ಲವನ್ನೂ ತೆಗೆದುಹಾಕಿ, ಡೆಸ್ಕ್‌ಟಾಪಿನ ಭಾಗವೊಂದಕ್ಕೇ ಗುರುತು ಹಾಕಿ ಮತ್ತೆ ಇಳಿಸಿದಳು. ಈ ಸಲ ಕೂತಿತು. ಪೆನ್‌ಡ್ರೈವಿನ ಕೋಡನ್ನು ತೆರೆದು ಬಿಲ್ಡ್ ಒತ್ತಿದಳು. ಪರದೆಯ ಕೆಳಗೆ ಕೆಂಪು ಸಾಲುಗಳು ಇರುವೆ ಸಾಲಿನ ಹಾಗೆ ಹೊರಟವು. ಫೈಲು ಸಿಗುತ್ತಿಲ್ಲ ಎಂಬುದೇ ಮೊದಲ ದೂರು. ಟೂಲು ಸರಿಯಾಗಿ ಕೂತಿಲ್ಲವೇನೋ ಎಂದು ನಾದಿನಿ ಅದನ್ನು ಕಿತ್ತು ಮತ್ತೆ ಕೂರಿಸಿದಳು. ಹೊಸತಾಯಿತೇನೋ ಎಂದು ಹಳೆಯ ಆವೃತ್ತಿ ಹುಡುಕಿ ತಂದಳು. ಕೆಂಪು ಸಾಲು ಒಂದೂ ಕಡಿಮೆಯಾಗಲಿಲ್ಲ. ಅಣ್ಣ ಗಾಜಿನ ಆಚೆಯಿಂದ ಇಣುಕುವುದು, ಹೋಗುವುದು, ಮತ್ತೆ ಇಣುಕುವುದು ಮಾಡುತ್ತಿದ್ದ. ಹೀಗೆ ಗುರುವಾರ ಬಂತು.

ಅತ್ತಿಗೆ ಟೀ ಲೋಟ ಇಡಲು ಬಂದವಳು ಪರದೆ ನೋಡಿ ನಿಂತಳು.

"ಈ ಹೆಸರು ನಾನು ನೋಡಿದೀನಿ ಕಣೇ."

"ಯಾವುದು?"

"ಇದು. ಇದೂ ಕೂಡ. ಕೊನೆಯಲ್ಲಿ ಚುಕ್ಕೆ ಇಟ್ಟು ಒಂದೇ ಅಕ್ಷರ ಇರೋವು. ಹಳೇ ಕಂಪ್ಯೂಟರ್ ತೀರಾ ನಿಧಾನ ಆಯ್ತು, ಬೇಡದ್ದನ್ನ ತೆಗೀರಿ ಅಂದಿದ್ದೆಯಲ್ಲ, ಆಗ ಪೆನ್‌ಡ್ರೈವೂ ಚೊಕ್ಕ ಮಾಡಿದೆ. ಪ್ರತಿಯೊಂದೂ ಒಂದೇ ಹೆಸರಲ್ಲಿ ಎರಡೆರಡು ಇದ್ವು. ಸಣ್ಣದನ್ನ ಎಸೆದೆ."

"ಸಣ್ಣದನ್ನ ಯಾಕೆ ಎಸೆದ್ರಿ ಅತ್ತಿಗೆ?"

"ಸಣ್ಣದನ್ನೇ ಅಲ್ವಾ ಎಸೆಯೋದು?"

ಆ ಅಂಗಡಿಯ ನಿಯಮವೇ ಅದು. ಯಾವ ಡಬ್ಬಿ ಕತ್ತರಿಸುವ ಮೊದಲೂ ಸಣ್ಣ ತುಂಡೊಂದರ ಮೇಲೆ ಕತ್ತರಿಸಿ ನೋಡುತ್ತಾರೆ. ಆ ಸ್ಯಾಂಪಲ್ ತುಂಡಿಗೂ ಪೂರ್ತಿ ಹಾಳೆಗೂ ಒಂದೇ ನಂಬರು ಬರೆಯುತ್ತಾರೆ. ಕೆಲಸ ಮುಗಿದ ಮೇಲೆ ಒಂದೇ ನಂಬರಿನವು ಎರಡು ಕಂಡರೆ ಸಣ್ಣದು ಕಸದ ಚೀಲಕ್ಕೆ. ನಿಯಮ ಮಾಡಿದವನು ಅಣ್ಣನೇ. ಮೌನಿಯ ಕೋಡಿನಲ್ಲಿ ಮಾತ್ರ ಸಣ್ಣ ಫೈಲು ಕಸವಲ್ಲ. ದೊಡ್ಡ ಫೈಲಿನಲ್ಲಿ ಏನೇನಿದೆ ಎಂದು ಉಳಿದವಕ್ಕೆ ತಿಳಿಸುವುದೇ ಅದು. ಅದಿಲ್ಲದೆ ಯಾವ ಟೂಲು ತಂದರೂ ಅಷ್ಟೇ.

ಅಣ್ಣ ಕೇಳಿ ತಲೆ ಚಚ್ಚಿಕೊಂಡ. "ಕಂಪ್ಯೂಟರಿಗೂ ಪೊರಕೆ ಹಿಡಿದ್ಯಾ!"

"ನಿಮ್ಮ ಪೊರಕೆನೇ, ನಿಮ್ಮ ನಿಯಮನೇ. ಈಗ ಕೂಗಾಡ್ಬೇಡಿ. ಎಸೆದೋಳು ನಾನು, ಮೌನಿನ ಕೇಳೋಕೆ ನಾನೇ ಹೋಗ್ತೀನಿ."

"ಬೇಡ ಅಂದೆ."

"ಬೇಕರಿಯವನಿಗೆ ಆಗತ್ತೆ ಅಂದೋರು ನೀವು. ಬೇಡ ಅನ್ನೋದನ್ನ ಅವನಿಗೆ ಹೇಳಿ."

ಲಿಫ್ಟ್ ಕಂಪನಿಯ ಕಚೇರಿಯಲ್ಲಿ ಮೌನಿ ಬಿಚ್ಚಿಟ್ಟ ಬಟನ್ ಫಲಕದ ಮುಂದೆ ಕೂತಿದ್ದ. ಅತ್ತಿಗೆಯನ್ನು ಕಂಡು ಎದ್ದು ಕುರ್ಚಿ ಎಳೆದುಕೊಟ್ಟ. ಅವಳು ಸುತ್ತುಬಳಸು ಇಲ್ಲದೆ ಎಲ್ಲ ಹೇಳಿದಳು. ಸಣ್ಣ ಫೈಲುಗಳ ಮಾತು ಬಂದಾಗ ಅವನು ಮೇಜಿಗೆ ಹಣೆ ಒರಗಿಸಿದ. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ.

"ನಿನ್ನ ಹತ್ರ ಇನ್ನೊಂದು ಪ್ರತಿ ಇರಬೇಕಲ್ಲ?"

"ಇಲ್ಲ ಅತ್ತಿಗೆ."

"ಒಂದೂ ಇಲ್ವಾ?"

"ಒಂದು ಸಾಲೂ ಇಟ್ಕೊಳ್ಳಲಿಲ್ಲ. ಕದ್ದುಕೊಂಡು ಹೋದ ಅಂತ ಅಣ್ಣ ಅನ್ನಬಾರದು ಅಂತ."

"ಚೆನ್ನಾಗಿದೆ! ನಿಮ್ಮಿಬ್ಬರ ಬಿಗುಮಾನಕ್ಕೆ ಬಾಡಿಗೆ ಕಟ್ಟೋಳು ನಾನು." ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಮತ್ತೆ ಬರೆಯೋಕಾಗತ್ತಾ?"

ಅವನು ಆಗತ್ತೆ ಎಂಬಂತೆ ತಲೆಯಾಡಿಸಿದ. "ದೊಡ್ಡವನ್ನ ಓದಿ ಸಣ್ಣವನ್ನ ಬರೀಬಹುದು. ಒಂದು ಮಾತು. ಈ ಸಲ ಪ್ರತಿ ನನ್ನ ಹತ್ರಾನೂ ಇರತ್ತೆ. ಯಾರಿಗೆ ಬೇಕೋ ಅವರಿಗೆ ಕೊಡ್ತೀನಿ," ಎಂದ.

"ಅದನ್ನ ನಿಮ್ಮಣ್ಣನಿಗೇ ಹೇಳು. ನಿನ್ನ ಮಾತು ಹೊತ್ಕೊಂಡು ಓಡಾಡೋಕೆ ನಾನೇನು ಅಂಚೆಯವಳಾ?"

ಶುಕ್ರವಾರ ಬೆಳಗ್ಗೆ ಮೌನಿ ಅಂಗಡಿಗೆ ಬಂದ. ಮುಖ ತಿರುಗಿಸಿ ಓದಲು ಅಣ್ಣನಿಗೆ ಅಲ್ಲಿ ಬೋರ್ಡು ಇರಲಿಲ್ಲ.

"ಬರೆದುಕೊಡ್ತೀನಿ ಅಣ್ಣ. ಆದ್ರೆ ಇದನ್ನ ಬೇರೆಯವರಿಗೂ ಮಾರ್ತೀನಿ."

ಅಣ್ಣ ಗಾಜಿನ ಆಚೆ ನಿಂತ ಮಶೀನನ್ನು ನೋಡಿದ. ವಾರದಿಂದ ಅದರ ಮೇಲೆ ಹೊಸ ಅಳತೆಯ ಹಾಳೆ ಏರಿರಲಿಲ್ಲ.

"ಪಕ್ಕದ ಬೀದಿಯ ಡಬ್ಬಿ ಅಂಗಡಿಯವನಿಗೂನಾ?"

"ಕೇಳಿದ್ರೆ ಅವನಿಗೂ."

"ಹಾಳಾಗಿ ಹೋಗಲಿ, ಬರಿ," ಎಂದ ಅಣ್ಣ.

ಮೌನಿ ಬರೆಯುತ್ತ ಹೋದ ಹಾಗೆ ಕೆಂಪು ಸಾಲುಗಳು ಒಂದೊಂದೇ ಅಳಿದವು. ಮಧ್ಯಾಹ್ನ ಕಳೆದ ಮೇಲೆ ಬಿಲ್ಡ್ ಮುಗಿದು ಪ್ರೋಗ್ರಾಮು ತೆರೆದುಕೊಂಡಿತು. ನಾದಿನಿ ಚಪ್ಪಾಳೆ ತಟ್ಟಿದಳು. ಕೇಕಿನ ಡಬ್ಬಿಯ ಅಳತೆ ಕೊಟ್ಟು ಕತ್ತರಿಸಿ ಮಡಿಚಿದರೆ ಮುಚ್ಚಳ ಕೂರಲಿಲ್ಲ.

ಮಡಿಚುವಾಗ ಪ್ರತಿ ರಟ್ಟೂ ತನ್ನ ದಪ್ಪಕ್ಕೆ ತಕ್ಕಂತೆ ಒಂದಿಷ್ಟು ಅಳತೆ ತಿನ್ನುತ್ತದೆ. ಯಾವ ರಟ್ಟು ಎಷ್ಟು ತಿನ್ನುತ್ತದೆ ಎಂಬ ಅಂಕಿಗಳು ಸಣ್ಣ ಫೈಲೊಂದರಲ್ಲಿ ಮಾತ್ರ ಇದ್ದವು. ಅವನ್ನು ದೊಡ್ಡ ಫೈಲನ್ನು ಓದಿ ಬರೆಯಲಾಗುವುದಿಲ್ಲ. ಮೌನಿಗೆ ಬಾಯಿಪಾಠವೂ ಇರಲಿಲ್ಲ. ಮತ್ತೆ ಕತ್ತರಿಸಿ ಅಳೆಯದೆ ದಾರಿಯಿರಲಿಲ್ಲ. ಅಣ್ಣ ಕತ್ತರಿಸುತ್ತ, ಮಡಿಚುತ್ತ ಹೋದ. ಮೌನಿ ಅಳೆದು ಅಂಕಿ ತುಂಬುತ್ತ ಹೋದ.

"ಇನ್ನೂ ಸ್ವಲ್ಪ ಬಿಡು."

"ಎಷ್ಟು ಸ್ವಲ್ಪ?"

"ಕೂದಲೆಳೆ."

"ಕೂದಲೆಳೆ ಅಂತ ಟೈಪ್ ಮಾಡೋಕಾಗಲ್ಲ ಅಣ್ಣ."

"ಅಷ್ಟು ಮಾತು ಬರತ್ತಲ್ಲ, ಇಷ್ಟು ದಿನ ಎಲ್ಲಿಟ್ಟಿದ್ದೆ?"

ಕೇಕಿನ ಡಬ್ಬಿಯ ರಟ್ಟಿಗೆ ಅಂಕಿ ಸರಿಹೋಗುವಷ್ಟರಲ್ಲಿ ಸಂಜೆಯಾಗಿತ್ತು. ಶನಿವಾರ ಬೇಕರಿ ತೆರೆಯುವ ಹೊತ್ತಿಗೆ ಕೇಳಿದ್ದರಲ್ಲಿ ಅರ್ಧ ಡಬ್ಬಿ ಮಾತ್ರ ಕಳಿಸಲಾಯಿತು. ಉಳಿದರ್ಧವನ್ನು ಬೇಕರಿಯವನು ಪಕ್ಕದ ಬೀದಿಯವನಿಂದ ತರಿಸಿಕೊಂಡ, ಮುಂದೆಯೂ ಅರ್ಧ ಅಲ್ಲಿಂದಲೇ ತರಿಸಿಕೊಳ್ಳುತ್ತೇನೆಂದ. ಮೌನಿಯ ಪ್ರೋಗ್ರಾಮು ಮೊದಲು ಕೊಂಡವನೂ ಆ ಪಕ್ಕದ ಬೀದಿಯವನೇ.

ಬೇಕರಿಯ ಅರ್ಧ ಕೆಲಸ ಹೋಯಿತು. ಬೇರೆ ಯಾರಲ್ಲೂ ಇಲ್ಲದ ಪ್ರೋಗ್ರಾಮು ಎಂಬುದೂ ಹೋಯಿತು. ದಪ್ಪ ರಟ್ಟುಗಳ ಅಂಕಿಗಳು ಇನ್ನೂ ಪೂರ್ತಿ ತುಂಬಿಲ್ಲ. ಅದಕ್ಕಾಗಿ ಮೌನಿ ಭಾನುವಾರ ಬರುತ್ತಾನೆ, ಊಟ ಮಾಡಿ ಹೋಗುತ್ತಾನೆ.