ನಾಲ್ಕು ದಿಕ್ಕಿನ ಸುದ್ದಿ

ಗಿರಿಯಪ್ಪ ಮಾಸ್ತರರು ಮೂವತ್ತೊಂದು ವರ್ಷ ತಪ್ಪು ಕಲಿಸಿದ್ದರು. ಬಹಳವಲ್ಲ, ಒಂದೇ ಒಂದು. ಆದರೆ ಅರ್ಧ ಅಂಕಕ್ಕೂ ಮಕ್ಕಳನ್ನು ಅಳಿಸುತ್ತಿದ್ದ ಮನುಷ್ಯನಿಗೆ ಒಂದು ತಪ್ಪೆಂದರೆ ಸಣ್ಣ ಮಾತೇ?

ಪ್ರತಿ ಜೂನಿನಲ್ಲಿ ಎಂಟನೆಯ ತರಗತಿಯ ಮೊದಲ ಇಂಗ್ಲಿಷ್ ತಾಸಿಗೆ ಅವರು ನಾಲ್ವರು ಮಕ್ಕಳನ್ನು ಕೋಣೆಯ ನಾಲ್ಕು ಗೋಡೆಗೆ ನಿಲ್ಲಿಸುತ್ತಿದ್ದರು. ಒಬ್ಬ ನಾರ್ತ್, ಒಬ್ಬ ಈಸ್ಟ್, ಒಬ್ಬ ವೆಸ್ಟ್, ಒಬ್ಬ ಸೌತ್. ಒಬ್ಬೊಬ್ಬರೂ ನಡುವಿಗೆ ಓಡಿಬಂದು ತಮ್ಮ ಓಣಿಯ ಸುದ್ದಿ ಹೇಳಬೇಕು. ಎಮ್ಮೆ ಕರು ಹಾಕಿದ್ದು, ಯಾರದೋ ಅಜ್ಜಿ ಜಾರಿ ಬಿದ್ದದ್ದು, ಎಲ್ಲ ಬರುತ್ತಿತ್ತು. ಕೊನೆಗೆ ಮಾಸ್ತರರು ನಾಲ್ಕೂ ದಿಕ್ಕಿನ ಮೊದಲ ಅಕ್ಷರಗಳನ್ನು ಹಲಗೆಯ ಮೇಲೆ ಜೋಡಿಸಿ, 'ನ್ಯೂಸ್' ಎಂಬ ಪದ ಹುಟ್ಟಿದ್ದೇ ಹೀಗೆ ಎಂದು ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಝಾಡಿಸುತ್ತಿದ್ದರು. ಅವರ ಮಾಸ್ತರರು ಅವರಿಗೆ ಹೇಳಿದ್ದೂ ಅದನ್ನೇ.

ನಿವೃತ್ತಿಯ ಮೇಲೆ ವಿದ್ಯಾನಗರದ ಬಾಡಿಗೆ ಖೋಲಿಯಲ್ಲಿ ಹೊತ್ತು ಹೋಗದೆ, ಪದಗಳ ಮೂಲ ಹೇಳುವ ದಪ್ಪನೆಯದೊಂದು ಡಿಕ್ಷನರಿ ತಂದು, ಹಳೆಯ ಪಾಠದ ವಹಿಯನ್ನು ತಾಳೆ ನೋಡಲು ಕುಳಿತರು. 'ವಿಂಡೋ' ಎಂದರೆ ಮೊದಲಿಗೆ ಗಾಳಿಯ ಕಣ್ಣು. ಸರಿ. 'ಬ್ರೇಕ್‌ಫಾಸ್ಟ್' ಎಂದರೆ ಉಪವಾಸ ಮುರಿಯುವುದು. ಸರಿ. 'ನ್ಯೂಸ್' ಬಂದಾಗ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ದಿಕ್ಕಿನ ಮಾತೇ ಇರಲಿಲ್ಲ. ಹೊಸ ಸಂಗತಿಗಳು, ಅಷ್ಟೇ.

ಮದುವೆಯಾಗದ ಮನುಷ್ಯ. ಶಾಲೆ ಬಿಟ್ಟ ಮೇಲೆ ಅವರ ದನಿ ದಿನಕ್ಕೊಮ್ಮೆ ಹಾಲಿನವನಿಗೆ ಕೇಳಿಸಿದರೆ ಹೆಚ್ಚು. ಗುರುವಂದನೆಯ ದಿನ ಒಂದು ಬ್ಯಾಚಿನ ಹಳೆಯ ವಿದ್ಯಾರ್ಥಿಗಳು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎಲ್ಲರ ನಂಬರಿನ ಪಟ್ಟಿಯನ್ನೂ ಕೈಗಿಟ್ಟು, "ಯಾವಾಗ ಬೇಕಾದ್ರೂ ಫೋನ್ ಮಾಡ್ರಿ ಸರ್" ಎಂದಿದ್ದರು. ಮಾಡಿ ಏನು ಹೇಳುವುದೆಂದು ತಿಳಿಯದೆ ಇವರು ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದರು. ಕೆಲಸವಿಲ್ಲದೆ ಫೋನ್ ಮಾಡುವುದು ಅವರ ಜಾಯಮಾನವಲ್ಲ. ತಪ್ಪು ತಿದ್ದುವುದಾದರೆ ಅದು ಕರ್ತವ್ಯ.

ದಿನಕ್ಕೆ ಒಬ್ಬರು, ಸಂಜೆ ಐದಕ್ಕೆ, ಚಹಾ ಕುಡಿದ ಮೇಲೆ. ಸತ್ತೂರಿನಲ್ಲಿ ಔಷಧದ ಅಂಗಡಿ ಇಟ್ಟಿರುವ ಲೋಹಿತ, "ನಾ ವೆಸ್ಟ್ ಇದ್ನಿರಿ ಸರ್" ಎಂದು ನಕ್ಕ. ತಪ್ಪಿನ ಮಾತು ಅವನಿಗೆ ತಟ್ಟಲೇ ಇಲ್ಲ. ಕೆಲವರು ಮೀಟಿಂಗಿನಲ್ಲಿದ್ದರು, ಕೆಲವರು ಎತ್ತಲಿಲ್ಲ. ನಲವತ್ತು ಹೆಸರಿನ ಪಟ್ಟಿ ಕರಗುತ್ತ ಬಂದಂತೆ ಮಾಸ್ತರರಿಗೆ ಒಳಗೊಳಗೇ ಹೆದರಿಕೆ ಶುರುವಾಯಿತು. ಅದು ಮುಗಿದರೆ ಐದು ಗಂಟೆಗೆ ಏನು ಮಾಡುವುದು?

ಕೊನೆಯ ಹೆಸರು ಭಾಗ್ಯಾ. ಈಗ ಧಾರವಾಡದಲ್ಲಿ ಅವಳೂ ಇಂಗ್ಲಿಷ್ ಟೀಚರು.

"ಭಾಗ್ಯಾ, ನಾ ಗಿರಿಯಪ್ಪ ಮಾತಾಡಾಕತ್ತೇನಿ. ನಿಮಗ ಒಂದು ತಪ್ಪು ಕಲಿಸೇನಿ ನೋಡವಾ."

"ನ್ಯೂಸ್ ಅಂದ್ರ ನಾಲ್ಕ ದಿಕ್ಕು ಅಂದಿದ್ದೇನ್ರಿ ಸರ್? ಅದು ಬಿ.ಎ. ಓದೂಮುಂದನ ನನಗ ಗೊತ್ತಾಗಿತ್ರಿ."

"ಮತ್ತ ನನಗ ಹೇಳಲಿಲ್ಲಲ್ಲ?"

"ಹೆಂಗ ಹೇಳೂದ್ರಿ. ಅವತ್ತ ನನಗ ಯಾವ ದಿಕ್ಕೂ ಸಿಗಲಿಲ್ಲ, ಮುಂದಿನ ಬಾಕಿನ ಮ್ಯಾಲ ಕುಂತಿದ್ನಿ. ಆ ನಾಲ್ಕೂ ಮಂದಿ ಏನ್ ಸುದ್ದಿ ಹೇಳಿದ್ರು, ಮರತೇನಿ. ನಿಮ್ಮ ಮಾರಿ ನೆನಪೈತ್ರಿ. ಅಷ್ಟ ಖುಷಿಲೆ ಇದ್ರಿ ನೀವು."

ಮಾಸ್ತರರಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ತಪ್ಪು ತಿದ್ದಲಿಕ್ಕೂ ತಾವು ಬೇಕಿರಲಿಲ್ಲ ಎಂಬುದೊಂದೇ ತಲೆಯಲ್ಲಿ ಕುಳಿತುಬಿಟ್ಟಿತು. ಇಡುತ್ತೇನೆ ಎನ್ನದೆ ವಹಿಯ ಹಾಳೆ ತಿರುವಿದರು. ಆ ಕಡೆಯಿಂದ ಭಾಗ್ಯಾಳೇ ಕೇಳಿದಳು.

"ಸರ್, ಇದೊಂದ ತಪ್ಪೇನ್ರಿ? ಮತ್ತೇನರ ಅದಾವೇನು?"

ಎದುರಿಗೆ ವಹಿ ತೆರೆದೇ ಇತ್ತು. ಇನ್ನೂರ ಹನ್ನೆರಡು ಪದಗಳು. ಒಂದನ್ನು ಬಿಟ್ಟು ಎಲ್ಲದರ ಮುಂದೆಯೂ ಅವರೇ ಹಾಕಿದ ರೈಟ್ ಗುರುತು.

"ಭಾಳ ಅದಾವವಾ," ಎಂದರು ಮಾಸ್ತರರು.

"ಹಂಗಾರ ದಿನಾ ಒಂದೊಂದು ಹೇಳ್ರಿ. ಐದಕ್ಕ ನಾ ಸಾಲಿಯಿಂದ ಮನಿಗೆ ಬಂದಿರ್ತೇನಿ."

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಅದರ ಮೇಲೆಯೇ ಕೈ ಇಟ್ಟುಕೊಂಡು ಕುಳಿತರು. ಆಮೇಲೆ ಕೆಂಪು ಪೆನ್ನು ಹುಡುಕಿ ತೆಗೆದು, ಡಿಕ್ಷನರಿಯನ್ನು ಮತ್ತೆ ಮೊದಲಿನಿಂದ ತೆರೆದರು. 'ಅಲೋನ್': 'ಆಲ್' ಮತ್ತು 'ವನ್' ಕೂಡಿದ್ದು, ಪೂರ್ತಿ ಒಬ್ಬನೇ. ವಹಿಯಲ್ಲಿದ್ದದ್ದೂ ಅದೇ. ಪೆನ್ನಿನ ಮುಚ್ಚಳ ತೆಗೆಯುವ ಪ್ರಸಂಗ ಬರಲಿಲ್ಲ. ನಾಳೆ ಐದರೊಳಗೆ ಒಂದಾದರೂ ತಪ್ಪು ಸಿಗಲಿ ಎಂದು ಬೇಡಿಕೊಳ್ಳುತ್ತ ಮಾಸ್ತರರು ಮುಂದಿನ ಪದದ ಮೇಲೆ ಬೆರಳಿಟ್ಟರು.