ಅಮ್ಮನ ಅಂಚು

ಎಷ್ಟು ಚೆನ್ನಾಗಿ ಬಿದ್ದಿದೆ ಅಂಚು, ಒಂದು ಎಳೆಯೂ ಜೋತಾಡುತ್ತಿಲ್ಲ, ಕಾಲೆತ್ತಿಟ್ಟಾಗಲೆಲ್ಲ ಸೆಣಬಿನ ನಿಲುವಂಗಿ ಅವನ ಹಿಮ್ಮಡಿಗೆ ಬಡಿದು ಹಿಂದಕ್ಕೆ ಹೋಗುತ್ತದೆ, ಮುಂದೆ ಸೂತಕದ ವೇಷದಲ್ಲಿ ನನ್ನ ತಮ್ಮ ಮನ್‌ಸಿಕ್, ಹಿಂದೆ ತಲೆಯ ಮೇಲೆ ಮೂಲಂಗಿ ಬುಟ್ಟಿ ಹೊತ್ತ ನಾನು, ಅವನಿಗೆ ಯಾರೂ ಅಲ್ಲದ ಹೆಂಗಸಿನ ಹಾಗೆ — ಅಯ್ಯೋ, ಅಂಚು. ಅಂಚನ್ನು ಯಾಕೆ ಹೊಲಿದೆ? ಅಪ್ಪನ ಸೂತಕಕ್ಕೆ ಅಂಚು ಹೊಲಿಯುವುದುಂಟೇ, ಕತ್ತರಿಸಿದ ಹಾಗೇ ಬಿಡಬೇಕು, ಕೈಯಲ್ಲಿರುವುದು ಬಿದಿರ ಕೋಲು, ಅದು ಅಪ್ಪನಿಗೆ, ಹೊಲಿದ ಅಂಚು ಅಮ್ಮನಿಗೆ, ಸಿಯೋಲ್ ಪಟ್ಟಣದ ಯಾವ ಮುದುಕಿ ನೋಡಿದರೂ ಗೊತ್ತಾಗುತ್ತದೆ. ತಮ್ಮನ ಗುಂಪಿನ ಹ್ವಾಂಗ್ ಅಣ್ಣ ಬಿಡಿಸಿ ಹೇಳಿದ್ದರು, ಅಪ್ಪ ಸತ್ತವನ ವೇಷ ಹಾಕ್ಸಮ್ಮ, ಆ ದೊಡ್ಡ ಟೋಪಿ ಮುಖಾನೇ ಮುಚ್ಚತ್ತೆ, ಸೂತಕದವನನ್ನ ಜಪಾನಿ ಪೊಲೀಸ್ರೂ ಮಾತಾಡ್ಸಲ್ಲ, ಪಿಸ್ತೂಲು ಸೊಂಟದ ಹಗ್ಗದೊಳಗಿರ್ಲಿ, ಕೋಟೆಯ ಪೂರ್ವದ ಬಾಗಿಲು ದಾಟಿದ್ರೆ ಬೆಟ್ಟದಲ್ಲಿ ನಮ್ಮವರಿದಾರೆ. ಆಮೇಲೆ ದನಿ ತಗ್ಗಿಸಿ, ಅಮ್ಮ ಹೋದ ಸುದ್ದಿ ಅವನಿಗೆ ಈಗ ಬೇಡ, ಮೊದಲು ದಾಟ್ಲಿ. ಹೂಂ ಅಂದೆ. ಮಗ ಎಲ್ಲಿ ಮಗ ಎಲ್ಲಿ ಎಂದು ಠಾಣೆಯಲ್ಲಿ ಬಡಿದು ಕಳಿಸಿದ್ದರು ಅಮ್ಮನನ್ನು, ಗಂಟಲಲ್ಲಿ ಗಂಜಿ ಇಳಿಯಲಿಲ್ಲ, ಹೆಣದ ಹಿಂದೆ ಕೋಲು ಹಿಡಿದು ನಡೆಯಲು ಮಗನಿರಲಿಲ್ಲ, ಪಾಪಿಗಳು, ಅವರ ಮನೆ ಹಾಳಾಗ. ಇವನೋ ಅಡಗಿಕೊಂಡಲ್ಲಿಂದ ನಿನ್ನೆಯೂ ಕೇಳಿದ, ಅಕ್ಕಾ, ಅಮ್ಮ ಚಳಿಗಾಲದ ಉಪ್ಪಿನಕಾಯಿ, ಕಿಮ್ಚಿ ಹಾಕಿ ಆಯ್ತಾ? ಆಯ್ತು ಕಣೋ, ನಿನ್ನ ಬೈಕೊಂಡೇ ಹಾಕಿದ್ಲು. ಉಪ್ಪು ಜಾಸ್ತಿ ಸುರಿದಿರ್ತಾಳೆ ಬಿಡು ಅಂತ ನಕ್ಕ, ನಾನೂ ನಕ್ಕೆ, ಹಾಗೇ ಸೂಜಿ ಹಿಡಿದು ಕೂತೆ, ಬಾಯಿ ಏನೋ ಅನ್ನುತ್ತಿತ್ತು, ಕೈ ಮಾತ್ರ ಅಮ್ಮನಿಗೇ ಹೊಲಿಯುತ್ತಿತ್ತು, ನನಗೆ ತಿಳಿಯಲೇ ಇಲ್ಲ.

ಓಡಲೇ, ಕೂಗಲೇ, ಕೂಗಿದರೆ ಇಬ್ಬರೂ ಸಿಕ್ಕಿಬೀಳುತ್ತೇವೆ, ನಿಧಾನಕ್ಕೆ ನಡೆಯೋ, ಸೊಪ್ಪಿನ ಗಾಡಿ ಅಡ್ಡ ಬಂತು, ಸರೀರಪ್ಪಾ, ಬಾಗಿಲು ಬಂದೇಬಿಟ್ಟಿತು, ಜಪಾನಿ ಅಧಿಕಾರಿ ಟೋಪಿ ನೋಡಿ ಮುಖ ತಿರುಗಿಸಿದ, ದಾಟು, ದಾಟು — ಅವನ ಪಕ್ಕದ ಪೇದೆ ನಮ್ಮವನೇ, ಇಲ್ಲೇ ಹುಟ್ಟಿ ಅವರ ಬೂಟು ಹಾಕಿಕೊಂಡವನು, ಏಯ್, ನಿಲ್ಲಪ್ಪ, ಇದೇನಯ್ಯಾ, ಬಿದಿರು ಹಿಡಿದಿದೀಯ, ಅಂಚು ಹೊಲಿದಿದೆ, ಸತ್ತಿದ್ದು ಅಪ್ಪನೋ ಅಮ್ಮನೋ? ಟೋಪಿ ಕೆಳಗೆ ಬಾಗುತ್ತದೆ. ಮನ್‌ಸಿಕ್ ಅಂಚನ್ನು ಎತ್ತಿ ನೋಡುತ್ತಿದ್ದಾನೆ, ನನ್ನ ಹೊಲಿಗೆ ಅವನಿಗೆ ಗೊತ್ತು, ಅಕ್ಕ ಸುಮ್ಮಸುಮ್ಮನೆ ಅಂಚು ಮಡಚುವವಳಲ್ಲ ಎಂದೂ ಗೊತ್ತು, ಬಗ್ಗಿದವನು ಏಳುತ್ತಿಲ್ಲ, ಕೋಲು ಬಿತ್ತು, ಕೈ ಸೊಂಟಕ್ಕೆ, ಬೇಡವೋ, ಇಲ್ಲ, ಸೊಂಟಕ್ಕಲ್ಲ, ನೆಲಕ್ಕೆ, ಮಂಡಿಯೂರಿ ಬಿದ್ದ, ಅಮ್ಮಾ — ಸಂತೆಯೇ ತಿರುಗಿ ನೋಡುವ ಹಾಗೆ, ಅಮ್ಮಾ, ಅಮ್ಮಾ. ಪೇದೆ ಹಿಂದೆ ಸರಿದ, ಹೋಗಪ್ಪ, ಹೋಗು, ದುಃಖದಲ್ಲಿ ಯಾವ್ದೋ ಕೋಲು ಹಿಡ್ಕೊಂಡ್ ಬಂದಿದೀಯ, ಹೋಗು. ಅವನು ಎದ್ದ. ಪಾಪ, ಯಾರ ಮಗನೋ ಏನೋ, ತಾಯಿ ಪುಣ್ಯವಂತೆ ಅಂತಾಳೆ ಪಕ್ಕದ ಹೆಂಗಸು, ಮೇಲಂಗಿಯ ತೋಳಲ್ಲೇ ಕಣ್ಣೊರೆಸಿಕೊಳ್ಳುತ್ತಾಳೆ, ಹೌದಮ್ಮ ಪಾಪ ಅನ್ನುತ್ತೇನೆ, ನಾನು ಅಳುವ ಹಾಗಿಲ್ಲ, ಬುಟ್ಟಿ ಗಟ್ಟಿಯಾಗಿ ಹಿಡಿದಿದ್ದೇನೆ, ದಾಟಿದ, ತಿರುಗಿ ನೋಡಲಿಲ್ಲ, ಆ ಕಡೆಯ ಬಿಸಿಲಿನಲ್ಲಿ ಹೋಗುತ್ತಿದ್ದಾನೆ, ಕೋಲಿಲ್ಲದ ಕೈಯಲ್ಲಿ ಅಂಚು, ಮುಷ್ಟಿ ಕಟ್ಟಿ ಹಿಡಿದ ಅಂಚು, ಅಂಚು